ಕೊಟ್ಟಿಗೆಹಾರ, ಕಡೂರು ಎರಡೂ ಒಂದೇ ಡಬ್ಬಿಲಿ: ಮಶೀನ್ ಲರ್ನಿಂಗ್ (ಎಂಎಲ್) ಜೊತೆ ನನ್ನ ಅನುಭವ

ಕ್ಲೈಮೇಟ್ ಮಾಡೆಲ್ ಅಂದ್ರೆ ಭೂಮಿನ ಡಬ್ಬಿ ಡಬ್ಬಿಯಾಗಿ ಹೆಚ್ಚಿ ಹವೆ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ. ಅದರ ಗ್ರಿಡ್‌ನ ಒಂದು ಡಬ್ಬಿ ಸುಮಾರು 100 ಕಿಮೀ ಅಗಲ ಇರತ್ತೆ, ಅಂದ್ರೆ ಮಳೆ ಬಿಡದೇ ಹೊಡೆಯೋ ಕೊಟ್ಟಿಗೆಹಾರನೂ ಬೋರ್‌ವೆಲ್ ನಂಬ್ಕೊಂಡಿರೋ ಕಡೂರೂ ಒಂದೇ ಡಬ್ಬಿಲಿ ಬಿದ್ರೂ ಬಿತ್ತು, ಎರಡು ಊರಿಗೂ ಒಂದೇ ಸರಾಸರಿ ಮಳೆ. ಬಾಳೂರು ಕಡೆ ತೋಟ ಇರೋ ನಮ್ಮ ಚಿಕ್ಕಪ್ಪ ಮಳೇನ ಇಂಚು, ಸೆಂಟ್ ಲೆಕ್ಕದಲ್ಲಿ ಡೈರಿಲಿ ಬರೆದಿಡೋರು, ಅವರಿಗೆ ಇದನ್ನ ಹೇಳಿದ್ರೆ "ಹಂಗಾದ್ರೆ ನಿನ್ ಮಾಡೆಲ್ ಕಟ್ಕೊಂಡು ನಾನೇನ್ ಮಾಡ್ಲಿ ಮಾರಾಯ" ಅಂದ್ರು. ನ್ಯಾಯನೇ.

ಮೋಡ ಏಳೋದು, ಗಾಳಿ ಸುತ್ತೋದು ಎಲ್ಲಾ ಕೆಲವೇ ಕಿಮೀ ಒಳಗೆ ನಡೆಯೋ ಆಟ, ಡಬ್ಬಿಗೆ ಅದು ಕಾಣಲ್ಲ, ಅದಕ್ಕೇ ಸೂತ್ರ ಹಾಕಿ ಅಂದಾಜು ಮಾಡ್ತಾರೆ, ಇದೇ ಪ್ಯಾರಾಮೀಟರೈಸೇಶನ್. ಆ ಸೂತ್ರದ ಜಾಗದಲ್ಲಿ ನ್ಯೂರಲ್ ನೆಟ್‌ವರ್ಕ್ (ಡೇಟಾ ನೋಡಿ ತಾನೇ ಲೆಕ್ಕ ಕಲಿಯೋ ಪ್ರೋಗ್ರಾಂ) ಕೂರಿಸಬಹುದು ಅಂತ 2018ರಲ್ಲಿ ರಾಸ್ಪ್, ಪ್ರಿಚರ್ಡ್, ಜೆಂಟೀನ್ ಅನ್ನೋ ವಿಜ್ಞಾನಿಗಳು ಮಾಡಿ ತೋರಿಸಿದ್ರು.

ನಾನು ಚಿಕ್ಕಮಗಳೂರಲ್ಲಿ ಮನೇಲೇ ಕೂತು ಮಾಮೂಲಿ ಲ್ಯಾಪ್‌ಟಾಪಲ್ಲಿ ಶುರು ಮಾಡಿದ್ದು ಲೊರೆನ್ಜ್ 96 ಅನ್ನೋ ಆಟಿಕೆ ಮಾಡೆಲ್‌ನಿಂದ. 8 ನಿಧಾನದ ಎಕ್ಸ್, ಒಂದೊಂದಕ್ಕೂ 32 ಚುರುಕಿನ ವೈ. ಎಕ್ಸ್ ಅಂದ್ರೆ ಡಬ್ಬಿ, ವೈ ಅಂದ್ರೆ ಒಳಗಿನ ಮೋಡ ಅನ್ಕೊಳಿ. ಮೊದಲು ಪೂರ್ತಿ ಓಡಿಸಿ, ವೈಗಳೆಲ್ಲಾ ಸೇರಿ ಎಕ್ಸನ್ನ ಎಷ್ಟು ಎಳೀತಾವೆ ಅಂತ ಪ್ರತಿ ಸ್ಟೆಪ್‌ಗೂ ಸೇವ್ ಮಾಡ್ಕೊಂಡೆ, ಆಮೇಲೆ ವೈಗಳನ್ನ ಕಿತ್ತಾಕಿ ಆ ಜಾಗಕ್ಕೆ ನೆಟ್‌ವರ್ಕ್. ನಿಜ ಹೇಳ್ಬೇಕಂದ್ರೆ ಇಷ್ಟಕ್ಕೆ ನಾಲ್ಕನೇ ಡಿಗ್ರಿ ಪಾಲಿನೋಮಿಯಲ್ (ಎಕ್ಸ್‌ನ ನಾಲ್ಕನೇ ಘಾತದವರೆಗಿನ ಸಾದಾ ಸೂತ್ರ) ಕೂಡ ಸಾಕು, ನೆಟ್‌ವರ್ಕ್ ಅಂತ ಹಾರಾಡೋದೇನಿಲ್ಲ.

ಗ್ರಾಫ್ ಹಾಕಿ ನೋಡಿ, ಗೊತ್ತಾಗತ್ತೆ. ಒಂದೇ ಎಕ್ಸ್‌ಗೆ ಎಳೆತ ಒಂದೇ ಇರಲ್ಲ, ಚುಕ್ಕಿಗಳು ದಪ್ಪ ಪಟ್ಟಿ ಥರ ಹರಡಿರ್ತಾವೆ, ನೆಟ್‌ವರ್ಕ್ ಹೇಳೋದು ನಡುವಿನ ಗೆರೆ ಮಾತ್ರ. ಹಾಗಾಗಿ ಮೇಲಿಂದ ಸ್ವಲ್ಪ ನಾಯ್ಸ್, ಅಂದ್ರೆ ಲಾಟರಿ ಥರ ಆರಿಸಿದ ಏರಿಳಿತ, ಸೇರಿಸ್ದೆ, ಅದೂ ಹಿಂದಿನ ಸ್ಟೆಪ್ ನೆನಪಿಟ್ಕೊಳ್ಳೋ ಥರದ್ದು, ಪ್ರತಿ ಸಲ ಹೊಸದಾಗಿ ಉದುರಿಸಿದ್ರೆ ಅಷ್ಟು ಉಪಯೋಗ ಇಲ್ಲ. 2005ರಲ್ಲಿ ವಿಲ್ಕ್ಸ್ ಅನ್ನೋ ವಿಜ್ಞಾನಿ ಇದೇ ಮಾಡೆಲ್ ಮೇಲೆ ಹೀಗೇ ಮಾಡಿದ್ರು.

ಆಮೇಲೆ ಬೇಕಂತಲೇ ಒಂದು ಚೇಷ್ಟೆ, ಫೋರ್ಸಿಂಗ್ (ಮಾಡೆಲ್‌ನ ಹೊರಗಿಂದ ತಳ್ಳೋ ಬಲ) 10 ಇಟ್ಟು ಕಲಿಸಿ 20ರಲ್ಲಿ ಓಡಿಸ್ದೆ. ಕಲಿಯುವಾಗ ನೋಡೇ ಇಲ್ಲದ ಎಕ್ಸ್ ಎದುರಿಗೆ ಬಂದ್ರೆ ನೆಟ್‌ವರ್ಕ್ ಬಾಯಿಗೆ ಬಂದಿದ್ದು ಹೇಳತ್ತೆ, ಅದೇ ತಪ್ಪು ಮುಂದಿನ ಸ್ಟೆಪ್‌ಗೆ ಇನ್‌ಪುಟ್. ಇವತ್ತಿನ ಹವೆಯಲ್ಲಿ ಕಲಿತದ್ದನ್ನ ಬಿಸಿಯಾದ ಭೂಮಿಗೆ ಹಾಕಿದ್ರೂ ಇದೇ ತೊಂದ್ರೆ. ಎರಡೂ ಫೋರ್ಸಿಂಗ್‌ನ ಡೇಟಾ ಬೆರೆಸಿ ಕಲಿಸಿದ್ಮೇಲೆ ಹಾದಿಗೆ ಬಂತು.

ಈಗ ಕ್ಲೈಮ್‌ಸಿಮ್ ಡೇಟಾಗೆ ಕೈ ಹಾಕಿದೀನಿ, ಇದು ನಿಜವಾದ ಕ್ಲೈಮೇಟ್ ಮಾಡೆಲ್‌ನಿಂದ ತೆಗೆದ ಇನ್‌ಪುಟ್-ಔಟ್‌ಪುಟ್ ಜೋಡಿಗಳ ರಾಶಿ. ಪೂರ್ತಿ 570 ಕೋಟಿ ಜೋಡಿ ಇದೆ, ನಮ್ಮನೆ ಇಂಟರ್ನೆಟ್‌ಗೆ ಅದು ಆಗೋ ಮಾತಲ್ಲ, 2024ರಲ್ಲಿ ಕ್ಯಾಗಲ್ ಅನ್ನೋ ಡೇಟಾ ಸ್ಪರ್ಧೆಗಳ ವೆಬ್‌ಸೈಟ್‌ನ ಸ್ಪರ್ಧೆಗೆ ಕೊಟ್ಟಿದ್ರಲ್ಲ, 556 ಕಾಲಂ ಒಳಗೆ, 368 ಹೊರಗೆ, ಅದನ್ನೇ ತಗೊಂಡಿದೀನಿ. ಸ್ಕೋರ್ ಪರವಾಗಿಲ್ಲ, ಆದ್ರೆ ಅಲ್ಲಿ ಸ್ಕೋರ್ ಬರೋದು ಟೇಬಲ್‌ನಲ್ಲಿರೋ ಉತ್ತರಕ್ಕೆ ಹೋಲಿಸಿ, ಕ್ಲೈಮೇಟ್ ಮಾಡೆಲ್ ಒಳಗೆ ಕೂರಿಸಿ ಓಡಿಸಿ ಅಲ್ಲ.