ಜಿಪಿ ಫಾರ್ಮಲ್ಲಿ ಖಾಲಿ ಬಿಡೋ ಆ ಎರಡು ಕಾಲಂ: ಇಂಗ್ಲೆಂಡ್‌ಗೆ ಬಂದಿರೋ ಕನ್ನಡಿಗರಿಗೆ ಎನ್‌ಎಚ್‌ಎಸ್ ಬಗ್ಗೆ

ಎನ್‌ಎಚ್‌ಎಸ್ ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಜಿಪಿ ಅಂದ್ರೆ ಅದ್ರಲ್ಲಿ ನಮ್ಮ ಫ್ಯಾಮಿಲಿ ಡಾಕ್ಟ್ರು. ಜಿಪಿ ಹತ್ರ ರಿಜಿಸ್ಟರ್ ಮಾಡ್ಸೋವಾಗ ಒಂದು ಫಾರ್ಮ್ ತುಂಬಿಸ್ತಾರಲ್ಲ, ಅದ್ರಲ್ಲಿ ನಿಮ್ಮ ಎಥ್ನಿಸಿಟಿ (ಯಾವ ಜನಾಂಗದ ಮೂಲ) ಏನು, ಮಾತಾಡೋ ಭಾಷೆ ಯಾವ್ದು, ಇಂಟರ್ಪ್ರಿಟರ್ (ದುಭಾಷಿ) ಬೇಕಾ ಅಂತೆಲ್ಲ ಕೇಳಿರ್ತಾರೆ. ನಮ್ಮೋರು ತುಂಬಾ ಜನ ಅದನ್ನ ಖಾಲಿ ಬಿಡ್ತಾರೆ, ಇಲ್ಲಾಂದ್ರೆ ಹೇಳೋಕೆ ಇಷ್ಟ ಇಲ್ಲ ಅಂತ ಟಿಕ್ ಮಾಡಿ ಮುಂದೆ ಹೋಗ್ತಾರೆ. ಯಾರೋ ಜಾತಿ ಕೇಳ್ದಂಗೆ ಅನ್ಸುತ್ತೆ, ಇದೆಲ್ಲ ಇವ್ರಿಗ್ಯಾಕೆ ಅನ್ಸುತ್ತೆ, ವೀಸಾಗೆ ಏನಾದ್ರೂ ತೊಂದ್ರೆ ಆಗುತ್ತೇನೋ ಅನ್ನೋ ಅಳುಕೂ ಇರುತ್ತೆ. ದಯವಿಟ್ಟು ಖಾಲಿ ಬಿಡಬೇಡಿ. ಈ ದೇಶದಲ್ಲಿ ಆರೋಗ್ಯದ ಅಸಮಾನತೆ ಕಮ್ಮಿ ಮಾಡೋಕೆ ಅಂತ ಮಾಡಿರೋ ವ್ಯವಸ್ಥೆ ಪೂರ್ತಿ ನಿಂತಿರೋದು ರೆಕಾರ್ಡ್ ಮೇಲೆ, ರೆಕಾರ್ಡಲ್ಲಿ ಇಲ್ದೋರು ಯಾರ ಲೆಕ್ಕಕ್ಕೂ ಸಿಗಲ್ಲ.

ಒಂದು ಉದಾಹರಣೆ ಹೇಳ್ತೀನಿ. ಕ್ಯೂರಿಸ್ಕ್ ಅಂತ ಒಂದು ಕ್ಯಾಲ್ಕುಲೇಟರ್ ಇದೆ, ಮುಂದಿನ 10 ವರ್ಷದಲ್ಲಿ ನಿಮಗೆ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆಗೋ ಸಂಭವ ಎಷ್ಟು ಪರ್ಸೆಂಟ್ ಅಂತ ಜಿಪಿ ಅದ್ರಲ್ಲಿ ನೋಡ್ತಾರೆ, 10 ಪರ್ಸೆಂಟ್ ದಾಟಿದ್ರೆ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬಗ್ಗೆ ಮಾತು ಶುರು ಮಾಡ್ತಾರೆ. ಆ ಲೆಕ್ಕದಲ್ಲಿ ಇಂಡಿಯನ್ ಅನ್ನೋದು ಬೇರೇನೇ ಒಂದು ಗುಂಪು, ಯಾಕಂದ್ರೆ ನಮ್ಮೋರಿಗೆ ಹೃದಯದ ಕಾಯಿಲೆ ಬಿಳಿಯರಿಗಿಂತ ಹೆಚ್ಚು. ಎಥ್ನಿಸಿಟಿ ಹೇಳ್ದೇ ಹೋದ್ರೆ? ಅದರ ಮೊದಲ ಆಯ್ಕೇನೇ "ಬಿಳಿಯರು ಅಥವಾ ಹೇಳಿಲ್ಲ" ಅಂತ. ಅಂದ್ರೆ ನಿಮ್ಮನ್ನ ಬಿಳಿಯರ ಲೆಕ್ಕಕ್ಕೇ ಸೇರಿಸ್ಕೊಂಡು ಅಪಾಯ ಕಮ್ಮಿ ತೋರಿಸುತ್ತೆ. ನಂಗೆ ಇದು ಗೊತ್ತಾದ ದಿನ ಮನೆಯೋರೆಲ್ಲರ ರೆಕಾರ್ಡ್ ತೆಗೆಸಿ ನೋಡ್ದೆ.

ತೂಕದ ವಿಷ್ಯಾನೂ ಹಂಗೇ. ಇಲ್ಲಿ ಬಿಳಿಯರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ) 25 ದಾಟಿದ್ರೆ ಓವರ್‌ವೇಟ್, 30 ದಾಟಿದ್ರೆ ಒಬೀಸ್ ಅಂತಾರೆ, ನಮಗೆ ಅದೇ ಗೆರೆ 23 ಮತ್ತು 27.5. ಬಿಎಂಐ 24 ಇದೆ ಆರಾಮಾಗಿದೀನಿ ಅಂದ್ಕೊಂಡಿರೋರಿಗೂ ಶುಗರ್ ಹತ್ರ ಬಂದಿರಬಹುದು. 40ರಿಂದ 74 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಫ್ರೀ ಇದೆ, ಆದ್ರೆ ದಕ್ಷಿಣ ಏಷ್ಯಾ ಮೂಲದೋರಿಗೆ 25ರಿಂದಲೇ ಡಯಾಬಿಟಿಸ್ ರಿಸ್ಕ್ ನೋಡ್ಬೇಕು ಅಂತ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತೆ, ನೀವೇ ಬಾಯಿಬಿಟ್ಟು ಕೇಳಿ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಇಲ್ಲಿನ ಅಳತೇಲಿ 42ರಿಂದ 47ರ ಮಧ್ಯ ಬಂದ್ರೆ ಡಯಾಬಿಟಿಸ್ ತಡೆಯೋ ಪ್ರೋಗ್ರಾಮ್‌ಗೆ ಫ್ರೀಯಾಗಿ ಕಳಿಸ್ತಾರೆ. ಬಸುರಿ ಹೆಂಗಸರಿಗೂ ಅಷ್ಟೇ, ನಮ್ಮ ಮೂಲದೋರು ಅಂತ ಗೊತ್ತಿದ್ರೆ 24ರಿಂದ 28 ವಾರದೊಳಗೆ ಗ್ಲೂಕೋಸ್ ಟೆಸ್ಟ್ ಮಾಡಿಸಿ ಅಂತ ಮಿಡ್‌ವೈಫೇ ಹೇಳ್ತಾರೆ.

ಇನ್ನು ಇದರ ಹಿಂದಿನ ವ್ಯವಸ್ಥೆ ಸ್ವಲ್ಪ ಗೊತ್ತಿರ್ಲಿ. ಎನ್‌ಎಚ್‌ಎಸ್ ಶುರುವಾಗಿದ್ದು 1948ರ ಜುಲೈ 5ಕ್ಕೆ, ಎಲ್ಲರಿಗೂ ಒಂದೇ ಚಿಕಿತ್ಸೆ ಅನ್ನೋ ಆಸೆ ಇಟ್ಕೊಂಡು. ಆದ್ರೆ 1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನೋ ವೇಲ್ಸ್‌ನ ಒಬ್ಬ ಜಿಪಿ ಬರೆದ್ರು, ಯಾರಿಗೆ ಆರೈಕೆ ಹೆಚ್ಚು ಬೇಕೋ ಅವರಿಗೇ ಒಳ್ಳೆ ಆರೈಕೆ ಕಮ್ಮಿ ಸಿಗುತ್ತೆ ಅಂತ, ಅದು ಇವತ್ತಿಗೂ ನಿಜ. ಇಂಗ್ಲೆಂಡ್‌ನ ತೀರಾ ಬಡ ಏರಿಯಾದಲ್ಲಿ ಹುಟ್ಟಿದ ಗಂಡು ಮಗು ತೀರಾ ಅನುಕೂಲಸ್ಥ ಏರಿಯಾದ ಮಗುಗಿಂತ ಸುಮಾರು 10 ವರ್ಷ ಕಮ್ಮಿ ಬದುಕುತ್ತೆ, ಹೆಣ್ಣು ಮಗು ಸುಮಾರು 8 ವರ್ಷ ಕಮ್ಮಿ. ಈ ಅಂತರ ಕಮ್ಮಿ ಮಾಡೋ ಕಡೆ ಗಮನ ಕೊಡೋದು 2012ರ ಕಾಯ್ದೆಯಿಂದ ಎನ್‌ಎಚ್‌ಎಸ್‌ನ ಕಾನೂನಿನ ಕರ್ತವ್ಯ. 2021ರಲ್ಲಿ ಕೋರ್20ಪ್ಲಸ್5 ಅಂತ ಒಂದು ಯೋಜನೆ ಮಾಡಿದ್ರು: 20 ಅಂದ್ರೆ ಪೋಸ್ಟ್‌ಕೋಡ್ ಲೆಕ್ಕದಲ್ಲಿ ಅತೀ ಹಿಂದುಳಿದ 20 ಪರ್ಸೆಂಟ್ ಜನ, ಪ್ಲಸ್ ಅಂದ್ರೆ ಆಯಾ ಊರಲ್ಲಿ ಹಿಂದೆ ಬಿದ್ದಿರೋ ಗುಂಪುಗಳು, ಅದ್ರಲ್ಲಿ ವಲಸೆ ಬಂದೋರು ಅಲ್ಪಸಂಖ್ಯಾತರು ಎಲ್ಲ ಸೇರ್ತಾರೆ, 5 ಅಂದ್ರೆ ಹೆರಿಗೆ, ತೀವ್ರ ಮಾನಸಿಕ ಕಾಯಿಲೆ, ಉಸಿರಾಟದ ಕಾಯಿಲೆ, ಕ್ಯಾನ್ಸರ್ ಬೇಗ ಪತ್ತೆ ಮಾಡೋದು, ಬಿಪಿ ಮತ್ತು ಕೊಲೆಸ್ಟ್ರಾಲ್.

ಐಟಿ ಕೆಲಸದಲ್ಲಿರೋರು ಇದು ನಮ್ಮ ವಿಷಯ ಅಲ್ಲ ಅಂತಾರೆ. ಆದ್ರೆ ಕೇರ್ ಹೋಮ್‌ನಲ್ಲಿ ನೈಟ್ ಶಿಫ್ಟ್ ಮಾಡೋರೂ ನಮ್ಮೋರೇ, ಒಂದು ರೂಮಲ್ಲಿ ನಾಲ್ಕು ಜನ ಇರೋ ಸ್ಟೂಡೆಂಟ್‌ಗಳೂ ನಮ್ಮೋರೇ, ಡಿಪೆಂಡೆಂಟ್ ವೀಸಾದಲ್ಲಿ ಬಂದು ಮನೆ ಬಿಟ್ಟು ಹೊರಗೆ ಹೋಗದ ಹೆಣ್ಣುಮಕ್ಕಳೂ ನಮ್ಮೋರೇ.

ಈಗ ಭಾಷೆ ವಿಷಯ, ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ತಗೋತೀನಿ. ನಂಗೆ ಗೊತ್ತಿರೋ ಒಂದು ಮನೇಲಿ ಅಮ್ಮ ಸೆಟಲ್ ಆಗಿ ಇಲ್ಲೇ ಇದಾರೆ, ಇಂಗ್ಲಿಷ್ ಬರಲ್ಲ, ಪ್ರತಿ ಸಲ ಮಗನೇ ಜೊತೆಗೆ ಹೋಗಿ ಹೇಳೋದು. ಅವ್ರಿಗೆ ಎರಡು ವರ್ಷದಿಂದ ಕೆಮ್ಮಿದ್ರೆ ಸೀನಿದ್ರೆ ಮೂತ್ರ ಸೋರ್ತಿತ್ತು, ಬೆಳೆದ ಮಗನ ಮುಂದೆ ಅದನ್ನ ಹೇಗೆ ಹೇಳ್ತಾರೆ ಹೇಳಿ, ಮಂಡಿ ನೋವು ಅಂತ ಹೇಳಿ ವಾಪಸ್ ಬರ್ತಿದ್ರು. ಇಂಟರ್ಪ್ರಿಟರ್ ಫ್ರೀ, ಜಿಪೀಲೂ ಆಸ್ಪತ್ರೇಲೂ, ಮನೆಯೋರನ್ನ ಇಂಟರ್ಪ್ರಿಟರ್ ಥರ ಬಳಸಬಾರದು ಅಂತ ಎನ್‌ಎಚ್‌ಎಸ್ ಗೈಡೆನ್ಸೇ ಹೇಳುತ್ತೆ, ಮಕ್ಕಳನ್ನಂತೂ ಖಂಡಿತ ಬಳಸೋ ಹಾಗಿಲ್ಲ. ಅಪಾಯಿಂಟ್‌ಮೆಂಟ್ ಬುಕ್ ಮಾಡೋವಾಗ್ಲೇ ಹೇಳಿ, ಎರಡು ಪಟ್ಟು ಟೈಮ್ ಕೇಳಿ, ಯಾಕಂದ್ರೆ ಎಲ್ಲ ಮಾತೂ ಎರಡೆರಡು ಸಲ ಆಡ್ಬೇಕಾಗುತ್ತೆ. ಮುಖ್ಯವಾಗಿ, ಕನ್ನಡ ಅಂತ ಸ್ಪೆಲ್ಲಿಂಗ್ ಸಮೇತ ಹೇಳಿ. ಇಂಡಿಯನ್ ಅಂದ್ರೆ ಹಿಂದಿ ಇಂಟರ್ಪ್ರಿಟರ್ ಲೈನಿಗೆ ಬಂದುಬಿಡ್ತಾರೆ, ಅಮ್ಮ ಹೂಂ ಹೂಂ ಅಂತ ತಲೆ ಆಡಿಸಿ ಬರ್ತಾರೆ. ಕೊನೆಗೆ ಆ ಅಮ್ಮ ಫೋನಿನಲ್ಲಿ ಒಬ್ಬ ಕನ್ನಡದ ಹೆಂಗಸಿನ ಹತ್ರ ಹತ್ತು ನಿಮಿಷ ಮಾತಾಡಿದ್ಮೇಲೆ ಮೂತ್ರ ಸೋರೋ ತೊಂದ್ರೆಗೆ ಅಂತ ಫಿಸಿಯೋ ಹತ್ರ ಕಳಿಸಿದ್ರು.

ರಿಜಿಸ್ಟರ್ ಮಾಡ್ಸೋಕೆ ಅಡ್ರೆಸ್ ಪ್ರೂಫ್, ಐಡಿ, ವೀಸಾ ಯಾವ್ದೂ ಕಡ್ಡಾಯ ಅಲ್ಲ, ಇಲ್ಲ ಅನ್ನೋ ಒಂದೇ ಕಾರಣಕ್ಕೆ ರಿಸೆಪ್ಷನ್‌ನಲ್ಲಿ ವಾಪಸ್ ಕಳಿಸೋ ಹಾಗಿಲ್ಲ.

ದುಡ್ಡಿನ ವಿಷಯಕ್ಕೆ ಬಂದ್ರೆ, ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿರ್ತೀರಿ, ಸ್ಟೂಡೆಂಟ್‌ಗೆ ಮತ್ತು 18ರ ಒಳಗಿನೋರಿಗೆ 776, ಹೆಲ್ತ್ ಅಂಡ್ ಕೇರ್ ವೀಸಾದೋರಿಗೆ ಅದು ಇಲ್ಲ. ಅಷ್ಟು ಕಟ್ಟಿದ್ಮೇಲೂ ಪ್ರಿಸ್ಕ್ರಿಪ್ಷನ್ನಲ್ಲಿ ಬರೆದ ಒಂದೊಂದು ಔಷಧಿಗೆ 2025ರ ಲೆಕ್ಕದಲ್ಲಿ 9.90 ಪೌಂಡ್ ಕೊಡ್ಬೇಕು. ಇಲ್ಲಿ ನಮ್ಮೋರು ಸುಮ್ಮನೆ ಕಳ್ಕೊಳ್ಳೋದು ಬಹಳ. ಥೈರಾಯ್ಡ್ ಕಮ್ಮಿ ಇದ್ದು ದಿನಾ ಮಾತ್ರೆ ತಗೊಳ್ಳೋರಿಗೆ, ಡಯಾಬಿಟಿಸ್‌ಗೆ ಮಾತ್ರೆ ಇನ್ಸುಲಿನ್ ತಗೊಳ್ಳೋರಿಗೆ ಮೆಡಿಕಲ್ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಸಿಗುತ್ತೆ, ಆಮೇಲೆ ಅದೊಂದಕ್ಕೆ ಅಲ್ಲ, ಎಲ್ಲ ಪ್ರಿಸ್ಕ್ರಿಪ್ಷನ್ ಫ್ರೀ. ಬಸುರಿಯರಿಗೆ, ಹೆರಿಗೆ ಆಗಿ 12 ತಿಂಗಳವರೆಗೂ ಹಂಗೇ. ಸರ್ಟಿಫಿಕೇಟ್ ಕೈಗೆ ಬರೋಕೆ ಮುಂಚೆ ಫ್ರೀ ಅಂತ ಟಿಕ್ ಮಾಡ್ಬೇಡಿ, 100 ಪೌಂಡ್‌ವರೆಗೂ ದಂಡ ಬೀಳುತ್ತೆ. ಸಂಬಳ ಕಮ್ಮಿ ಇದ್ರೆ ಎಚ್‌ಸಿ1 ಫಾರ್ಮ್ ಹಾಕಿ, ಮಾತ್ರೆ ಹಲ್ಲು ಕಣ್ಣು ಆಸ್ಪತ್ರೆಗೆ ಹೋಗಿಬರೋ ಖರ್ಚು ಎಲ್ಲಕ್ಕೂ ಸಹಾಯ ಇದೆ. ಪಬ್ಲಿಕ್ ಫಂಡ್ಸ್ (ಸರ್ಕಾರಿ ಭತ್ಯೆಗಳು) ಇಲ್ಲ ಅಂತ ವೀಸಾದಲ್ಲಿ ಬರೆದಿದ್ರೂ ಭಯ ಬೇಡ, ಎನ್‌ಎಚ್‌ಎಸ್ ಆ ಪಟ್ಟೀಲಿ ಇಲ್ಲ.

ವಿಸಿಟರ್ ವೀಸಾದಲ್ಲಿ ಬರೋ ಅಪ್ಪ ಅಮ್ಮನ ಕಥೆ ಬೇರೆ. ಅವ್ರಿಗೆ ಜಿಪಿ ಫ್ರೀ, ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಫ್ರೀ, ಆದ್ರೆ ಅಲ್ಲಿಂದ ವಾರ್ಡ್‌ಗೆ ಅಡ್ಮಿಟ್ ಆದ್ರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತೆ, 500 ಪೌಂಡ್ ಅಥವಾ ಜಾಸ್ತಿ ಬಾಕಿ ಉಳಿದ್ರೆ ಮುಂದಿನ ವೀಸಾಗೆ ಕಲ್ಲು ಬೀಳಬಹುದು. ಇನ್ಶೂರೆನ್ಸ್ ಇಲ್ದೆ ಕರೆಸ್ಕೋಬೇಡಿ.

ಅಂಚೇಲಿ ಬರೋ ಸ್ಕ್ರೀನಿಂಗ್ ಪತ್ರಗಳನ್ನ ಜಾಹೀರಾತು ಅಂದ್ಕೊಂಡು ಎಸೀಬೇಡಿ. ಗರ್ಭಕಂಠದ ಟೆಸ್ಟ್ 25ರಿಂದ 64, ಸ್ತನದ್ದು 50ರಿಂದ 71 ಆಗೋವರೆಗೆ, ಕರುಳಿನ ಕ್ಯಾನ್ಸರ್‌ಗೆ ಮನೇಗೇ ಕಿಟ್ ಬರುತ್ತೆ 50ರಿಂದ 74ಕ್ಕೆ. ದಕ್ಷಿಣ ಏಷ್ಯಾದ ಹೆಂಗಸರು ಇದಕ್ಕೆ ಹೋಗೋದು ಕಮ್ಮಿ, ಮುಜುಗರ ಒಂದು, ಗಂಡಸು ಡಾಕ್ಟ್ರು ನೋಡ್ತಾರೇನೋ ಅನ್ನೋ ಭಯ ಒಂದು. ಹೆಣ್ಣು ನರ್ಸೇ ಬೇಕು ಅಂತ ಬುಕ್ ಮಾಡೋವಾಗ ಕೇಳಬಹುದು, ಮ್ಯಾಮೋಗ್ರಾಮ್ ಅಂತೂ ಹೆಂಗಸರೇ ಮಾಡೋದು.

ಏನಾದ್ರೂ ತಪ್ಪಾದ್ರೆ, ಇಂಟರ್ಪ್ರಿಟರ್ ಕೊಡಲ್ಲ ಅಂದ್ರೆ, ಮೊದಲು ಪ್ರಾಕ್ಟೀಸ್ ಮ್ಯಾನೇಜರ್‌ಗೆ ಬರೀರಿ, ಆಸ್ಪತ್ರೆ ಆದ್ರೆ ಪಾಲ್ಸ್ ಅನ್ನೋ, ರೋಗಿಗಳ ತೊಂದ್ರೆ ಕೇಳೋ ಡೆಸ್ಕ್ ಇರುತ್ತೆ. ದೂರು ಕೊಟ್ರೆ ಚಿಕಿತ್ಸೆಗೆ ತೊಂದ್ರೆ ಮಾಡ್ತಾರೆ ಅನ್ನೋ ಹೆದರಿಕೆ ಬಿಡಿ, ಹಾಗೆ ಮಾಡೋ ಹಾಗಿಲ್ಲ.

ಈ ವಾರ ಒಂದು ಫೋನ್ ಮಾಡಿ. ರಿಸೆಪ್ಷನ್‌ಗೆ ನಿಮ್ಮ ಮನೆಯ ಪ್ರತಿಯೊಬ್ಬರ ಹೆಸರು, ಹುಟ್ಟಿದ ತಾರೀಖು ಹೇಳಿ, ಎಥ್ನಿಸಿಟಿ ಮತ್ತು ಭಾಷೆ ಕಾಲಂನಲ್ಲಿ ಏನಿದೆ ಓದಿ ಹೇಳಿ ಅಂತ ಕೇಳಿ, ತಪ್ಪಿದ್ರೆ ಖಾಲಿ ಇದ್ರೆ ಅಲ್ಲೇ ಇಂಡಿಯನ್, ಕನ್ನಡ ಅಂತ ಹಾಕಿಸಿ.