ಮಳೆಗಾಲದಲ್ಲಿ ಕಾರ್ಬನ್ ಫೈಬರ್ ಪಟ್ಟಿಯ ಎಳೆತ ಪರೀಕ್ಷೆ

ಶಿವಮೊಗ್ಗದ ಲ್ಯಾಬ್‌ಗಳಲ್ಲಿ ಕಬ್ಬಿಣದ ಕಂಬಿ ಎಳೆದು ಪಳಗಿದವರೂ ಕಾರ್ಬನ್ ಫೈಬರ್ ಪಟ್ಟಿಯ ಮುಂದೆ ಎಡವುವುದುಂಟು. ಕಂಬಿಯನ್ನು ಗ್ರಿಪ್‌ನ (ಎಳೆಯುವ ಯಂತ್ರದ ಹಿಡಿಕೆಯ) ಹಲ್ಲು ಕಚ್ಚಿದರೂ ಅದು ನಡುವೆ ಸಣ್ಣಗಾಗಿ ತುಂಡಾಗುತ್ತದೆ. ಕಾರ್ಬನ್ ಪಟ್ಟಿ ಹಾಗೆ ಹಿಗ್ಗುವುದಿಲ್ಲ. ಹಲ್ಲು ತಾಗಿದಲ್ಲೇ ಎಳೆ ಕಡಿದು, ವಸ್ತುವಿನ ನಿಜವಾದ ಬಲಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಅದಕ್ಕೇ ಹಲ್ಲು ನೇರ ತಾಗದಂತೆ ಎರಡೂ ತುದಿಗೆ ಟ್ಯಾಬ್, ಅಂದರೆ ಸಣ್ಣ ಹಲಗೆ, ಅಂಟಿಸುವುದು. ಅರ್ಧ ಪರೀಕ್ಷೆ ಅಲ್ಲೇ ಮುಗಿದಿರುತ್ತದೆ.

ಎಳೆಗಳೆಲ್ಲ ಉದ್ದಕ್ಕೇ ಇರುವ ಪಟ್ಟಿಗೆ ಎಎಸ್‌ಟಿಎಂ ಡಿ3039 ಎಂಬ ಪರೀಕ್ಷಾ ಮಾನದಂಡ ಸೂಚಿಸುವ ಅಳತೆ: ಉದ್ದ 250, ಅಗಲ 15, ದಪ್ಪ 1 ಮಿ.ಮೀ. ಕನಿಷ್ಠ ಐದು ಬೇಕು, ಎಂಟು ಕತ್ತರಿಸಿಟ್ಟುಕೊಳ್ಳಿ. ವಜ್ರದ ಬ್ಲೇಡಿಗೆ ನೀರು ಬಿಡುತ್ತಲೇ ಕುಯ್ಯಬೇಕು. ಒಣದಾಗಿ ಕುಯ್ದರೆ ಏಳುವ ಕರಿ ದೂಳಿನಲ್ಲಿ ಕರೆಂಟು ಹರಿಯುತ್ತದೆ, ಕಂಟ್ರೋಲ್ ಪ್ಯಾನೆಲ್ ಶಾರ್ಟ್ ಆದೀತು. ಮಾಸ್ಕ್ ಅಂತೂ ಬೇಕೇ ಬೇಕು. ಎಳೆಯ ದಿಕ್ಕಿಗೂ ಅಂಚಿಗೂ ಒಂದು ಡಿಗ್ರಿ ಓರೆಯಾದರೂ ಬಲ ಎದ್ದು ಕಾಣುವಷ್ಟು ಇಳಿಯುತ್ತದೆ.

ಇನ್ನು ಮಲೆನಾಡಿನ ಗಾಳಿಯ ತೇವ. ಉದ್ದೆಳೆಯ ಪಟ್ಟಿಯ ಎಳೆತದ ಬಲವನ್ನು ಅದು ಅಷ್ಟಾಗಿ ಕೆಡಿಸದು, ಭಾರ ಹೊರುವುದು ಎಳೆಗಳಲ್ಲವೇ. ಅಡ್ಡೆಳೆಯ ಪಟ್ಟಿ, ಶಿಯರ್ (ಜಾರಿಸುವ), ಕಂಪ್ರೆಷನ್ (ಒತ್ತುವ) ಪರೀಕ್ಷೆಗಳಲ್ಲಿ ಮಾತ್ರ ಎಳೆಗಳನ್ನು ಹಿಡಿದಿಡುವ ರೆಸಿನ್ ಕುಡಿದ ತೇವ ಅಂಕಿಯನ್ನೇ ಬದಲಿಸುತ್ತದೆ. ಆ ಪರೀಕ್ಷೆಗಳ ಪಟ್ಟಿಗಳನ್ನು 70 ಡಿಗ್ರಿ ಓವನ್‌ನಲ್ಲಿಟ್ಟು ದಿನಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಗೆ ಸೇರಿಸಿ. ರೆಸಿನ್ ಕೋಣೆಯ ಬಿಸಿಯಲ್ಲೇ ಗಟ್ಟಿಯಾದದ್ದಾದರೆ 50 ಡಿಗ್ರಿ ದಾಟಿಸಬೇಡಿ.

ಉದ್ದೆಳೆಯ ಪಟ್ಟಿಯಲ್ಲಿ ಮಳೆ ಕೆಡಿಸುವುದು ಟ್ಯಾಬಿನ ಅಂಟನ್ನು. 1.5 ಮಿ.ಮೀ. ದಪ್ಪ, 56 ಮಿ.ಮೀ. ಉದ್ದದ ಗ್ಲಾಸ್ ಎಪಾಕ್ಸಿ ಟ್ಯಾಬ್ ತೆಗೆದುಕೊಳ್ಳಿ. ಅಂಟುವ ಎರಡೂ ಮೈಯನ್ನು ಹೊಳಪು ಹೋಗುವವರೆಗೆ ಮಾತ್ರ ಉಜ್ಜಿ. ಎಳೆ ಕಂಡರೆ ಜಾಸ್ತಿಯಾಯಿತು. ಅಸಿಟೋನ್‌ನಲ್ಲಿ ಒರೆಸಿದಾಗ ಅದು ಆರುತ್ತಾ ಮೈ ತಣ್ಣಗಾಗಿ, ಮಳೆಗಾಲದ ಗಾಳಿಯ ತೇವ ಅಲ್ಲಿ ಕೂರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಉಸಿರು ಊದಿದ ಕನ್ನಡಿಯಂತೆ ಮಸುಕು ಕಾಣುತ್ತದೆ. 40 ಡಿಗ್ರಿಯಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿಯೇ ಅಂಟು ಹಚ್ಚಿ. ಐದು ನಿಮಿಷದ ಅಂಟು ಬೇಡ, ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಇರಲಿ. ಹಚ್ಚಿ ತೆರೆದಿಟ್ಟರೆ ಅಂಟನ್ನು ಗಟ್ಟಿ ಮಾಡುವ ಹಾರ್ಡನರ್ ತೇವದೊಂದಿಗೆ ಸೇರಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಕೂಡಲೇ ಜೋಡಿಸಿ, ಕ್ಲಿಪ್ ಹಾಕಿ, 24 ಗಂಟೆ ಬಿಡಿ.

ಪಟ್ಟಿ ಸುಮಾರು 25 ಕಿಲೋನ್ಯೂಟನ್‌ಗೆ ಮುರಿಯುತ್ತದೆ. ಇಷ್ಟು ಸಣ್ಣ ಲೋಡ್‌ಗೆ 400 ಕಿಲೋನ್ಯೂಟನ್ ಯಂತ್ರಕ್ಕಿಂತ 50 ಅಥವಾ 100ರದ್ದು ಒಳ್ಳೆಯದು. ಅಗಲ, ದಪ್ಪ ಮೂರು ಕಡೆ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಮೇಲಿನ ಗ್ರಿಪ್ ಬಿಗಿದು, ಮಟ್ಟಗೋಲಿನಲ್ಲಿ ನೇರ ನೋಡಿ, ಲೋಡ್ ಸೊನ್ನೆ ಮಾಡಿ, ಆಮೇಲೆ ಕೆಳಗಿನದನ್ನು ಬಿಗಿಯಿರಿ. ವೇಗ ನಿಮಿಷಕ್ಕೆ 2 ಮಿ.ಮೀ. ಮಾಡ್ಯುಲಸ್‌ಗೆ (ಹಿಗ್ಗಲು ಪಟ್ಟಿ ಎಷ್ಟು ಬಿಗಿ ಎಂಬ ಅಂಕಿಗೆ) 0.1ರಿಂದ 0.3 ಶೇಕಡಾ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು) ನಡುವೆ ಗ್ರಾಫಿನ ಇಳಿಜಾರು ಸಾಕು. ಅದು ದಾಟಿದ ಮೇಲೆ ಹಿಗ್ಗು ಅಳೆಯುವ ಎಕ್ಸ್‌ಟೆನ್ಸೋಮೀಟರ್ ಬಿಚ್ಚಿಬಿಡಿ. ಕೊನೆಗೆ ಪಟ್ಟಿ ಕಸಬರಿಗೆಯಂತೆ ಸೀಳಿ ಸಿಡಿಯುತ್ತದೆ. ಕನ್ನಡಕ, ಮುಂದೆ ಪಾರದರ್ಶಕ ತಡೆ ಇಲ್ಲದೆ ನಿಲ್ಲಬೇಡಿ.

26,400 ನ್ಯೂಟನ್‌ಗೆ ಮುರಿಯಿತು, ಅಗಲ 15.02, ದಪ್ಪ 1.04 ಮಿ.ಮೀ. ಎಂದರೆ ಲೋಡನ್ನು ಅಗಲ ದಪ್ಪಗಳ ಗುಣಲಬ್ಧದಿಂದ ಭಾಗಿಸಿ ಬರುವ ಬಲ 1,690 ಮೆಗಾಪ್ಯಾಸ್ಕಲ್. ಈ ಅಂಕಿ ಬರೆಯುವ ಮುನ್ನ ಮುರಿದ ಜಾಗ ನೋಡಿ. ಟ್ಯಾಬ್ ಕಳಚಿ ಒಂದು ಮೈ ನುಣ್ಣಗೆ ಹೊಳೆಯುತ್ತಿದ್ದರೆ ಉಜ್ಜಿದ್ದು ಸಾಲದು, ಇಲ್ಲವೇ ತೇವ ಕೂತಿತ್ತು. ಟ್ಯಾಬ್ ಅಂಚಿನಲ್ಲೇ ನೇರವಾಗಿ ಮುರಿದಿದ್ದರೆ ಗ್ರಿಪ್ ಬಿಗಿ ಹೆಚ್ಚು ಅಥವಾ ಪಟ್ಟಿ ಓರೆ. ಟ್ಯಾಬಿನಿಂದ 15 ಮಿ.ಮೀ. ಒಳಗೆ ಮುರಿದವೇ ಹೆಚ್ಚಿದ್ದರೆ ಸರಾಸರಿ ತೆಗೆಯದೆ ಟ್ಯಾಬ್ ಕೆಲಸ ಮತ್ತೆ ಮಾಡಿ. ವರದಿಯಲ್ಲಿ ಪ್ರತಿ ಅಂಕಿಯ ಪಕ್ಕ ಮುರಿದ ಜಾಗವನ್ನೂ ಬರೆಯಿರಿ.