ಒಂದು ಸಿಲಿಂಡರ್ ಮಾತ್ರ ಏಕೆ ಹೆಚ್ಚು ಕಾಯುತ್ತದೆ? ಏರ್‌ಕೂಲ್ಡ್ ಟ್ರ್ಯಾಕ್ಟರ್ ಎಂಜಿನ್ ಪರೀಕ್ಷಿಸುವ ಕ್ರಮ

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ನಡೆಯುವ ದಿನಗಳಲ್ಲಿ ಟ್ರ್ಯಾಕ್ಟರ್ ನಿಂತಲ್ಲೇ ನಿಂತು, ರಾಶಿ ಮಷಿನ್ ಉಗುಳುವ ಹೊಟ್ಟಿನ ನಡುವೆ ಗಂಟೆಗಟ್ಟಲೆ ಪಿಟಿಒ (ಮಷಿನ್‌ಗೆ ಶಕ್ತಿ ಕೊಡುವ ಶಾಫ್ಟ್) ತಿರುಗಿಸುತ್ತದೆ. ಹಳೆಯ ಐಷರ್ ಮಾದರಿಗಳಂತೆ ರೇಡಿಯೇಟರ್ ಇಲ್ಲದೆ ಬ್ಲೋವರ್ ಗಾಳಿಯಿಂದಲೇ ತಣಿಯುವ ಎಂಜಿನ್‌ಗೆ ಈ ಕೆಲಸ ಬಲು ಕಠಿಣ. ಎರಡು ಸಿಲಿಂಡರುಗಳಲ್ಲಿ ಒಂದರ ಬಳಿ ಬಿಸಿ ಹೆಚ್ಚಾಗಿದೆ ಎಂಬ ದೂರು ಕೇಳಿಬರುವುದೂ ಆಗಲೇ.

ಕಾದಿರುವ ಸಿಲಿಂಡರೇ ಕೆಟ್ಟಿದೆ ಎಂದು ಮೊದಲೇ ತೀರ್ಮಾನಿಸಬಾರದು. ಒಂದು ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯದಿದ್ದರೆ ಅದು ತಣ್ಣಗಿರುತ್ತದೆ. ವೇಗ ಕುಸಿಯದಂತೆ ನೋಡಿಕೊಳ್ಳುವ ಗವರ್ನರ್ ಎಂಬ ಭಾಗ ಎರಡಕ್ಕೂ ಹೆಚ್ಚು ಡೀಸೆಲ್ ಕೊಡುತ್ತದೆ, ಆಗ ಆರೋಗ್ಯವಾಗಿರುವ ಸಿಲಿಂಡರ್ ಇಬ್ಬರ ಹೊರೆ ಹೊತ್ತು ಕಾಯುತ್ತದೆ. ಇದನ್ನು ಗಮನಿಸದೆ ಬಿಸಿಯಾದ ಸಿಲಿಂಡರಿನ ಹೆಡ್ಡನ್ನೇ (ಮೇಲಿನ ಮುಚ್ಚಳವನ್ನೇ) ಬಿಚ್ಚಿದರೆ ಹಣವೂ ಹೋಗುತ್ತದೆ, ಹಂಗಾಮಿನ ದಿನಗಳೂ ಹೋಗುತ್ತವೆ.

ಆದ್ದರಿಂದ ಮೊದಲ ಕೆಲಸ ಅಳತೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಇದಕ್ಕೆ ಸಾಕು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಂಜಿನ್ ತಣ್ಣಗಿರುವಾಗ ಎರಡೂ ಹೆಡ್‌ಗಳಲ್ಲಿ ಡೀಸೆಲ್ ಸಿಂಪಡಿಸುವ ನಾಜಲ್ ಪಕ್ಕದ ಒಂದೇ ಜಾಗಕ್ಕೆ, ಹಾಗೆಯೇ ಹೊಗೆ ಹೊರಬರುವ ಎರಡೂ ಎಕ್ಸಾಸ್ಟ್ ಪೋರ್ಟ್‌ಗಳಿಂದ ಸಮಾನ ದೂರದಲ್ಲಿ, ಸೈಲೆನ್ಸರ್‌ಗೆ ಬಳಿಯುವ ಹೊಳಪಿಲ್ಲದ ಕಪ್ಪು ಬಣ್ಣದ ಚುಕ್ಕೆ ಇಡಬೇಕು. ನಂತರ ಅರ್ಧ ಗಂಟೆ ಹೊರೆಯಲ್ಲಿ ಓಡಿಸಿ, ತಿರುಗುವ ಶಾಫ್ಟ್ ಮತ್ತು ಬೆಲ್ಟ್‌ನಿಂದ ದೂರ ನಿಂತು, ಒಂದೇ ಅಂತರದಿಂದ ನಾಲ್ಕೂ ಚುಕ್ಕೆಗಳನ್ನು ಅಳೆದು ಬರೆದುಕೊಳ್ಳಬೇಕು. ಬೇಸಿಗೆಯಲ್ಲಿ ಇಲ್ಲಿನ ಮಧ್ಯಾಹ್ನದ ಬಿಸಿ 42 ಡಿಗ್ರಿ ದಾಟುವುದರಿಂದ ಬೆಳಗಿನ ಅಳತೆಯನ್ನು ಮಧ್ಯಾಹ್ನದ ಅಳತೆಗೆ ಹೋಲಿಸಿ ಪ್ರಯೋಜನವಿಲ್ಲ. ಬ್ಲೋವರ್‌ನಿಂದ ದೂರವಿರುವ ಸಿಲಿಂಡರ್ ತುಸು ಹೆಚ್ಚು ಕಾಯುವುದು ಸಹಜ. ಅಂತರ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ ಮಾತ್ರ ಚಿಂತಿಸಬೇಕು.

ಎಕ್ಸಾಸ್ಟ್ ಚುಕ್ಕೆಗಳು ಹೆಚ್ಚುಕಡಿಮೆ ಸಮವಾಗಿದ್ದು ಒಂದು ಹೆಡ್ ಮಾತ್ರ ಕಾದಿದ್ದರೆ ದೋಷ ಬಹುತೇಕ ಗಾಳಿಯ ದಾರಿಯಲ್ಲಿದೆ. ಎಕ್ಸಾಸ್ಟ್‌ನಲ್ಲೇ ದೊಡ್ಡ ಅಂತರವಿದ್ದರೆ ಉರಿಯುವಿಕೆಯಲ್ಲಿದೆ. ಬ್ಲೋವರ್ ಬೆಲ್ಟ್ ಸಡಿಲವಾದರೆ ಅಥವಾ ಏರ್ ಕ್ಲೀನರ್ ಕಟ್ಟಿಕೊಂಡರೆ ಸಾಮಾನ್ಯವಾಗಿ ಎರಡೂ ಸಿಲಿಂಡರ್ ಒಟ್ಟಿಗೆ ನರಳುವುದರಿಂದ, ಒಂದೇ ಸಿಲಿಂಡರಿನ ತೊಂದರೆಗೆ ಅವುಗಳನ್ನು ದೂರುವುದು ಸರಿಯಲ್ಲ.

ಗಾಳಿಯ ದಾರಿ ನೋಡಲು ಎಂಜಿನ್ ಪೂರ್ತಿ ಆರಿದ ಮೇಲೆ ಸಿಲಿಂಡರುಗಳ ಸುತ್ತಲಿನ ತಗಡಿನ ಹೊದಿಕೆಯನ್ನು (ಕೌಲಿಂಗ್) ಬಿಚ್ಚಬೇಕು. ಹೊರಗಿನಿಂದ ಸ್ವಚ್ಛವಾಗಿ ಕಾಣುವ ಎಂಜಿನ್ನಿನ ಒಳಗೆ, ವಾಲ್ವ್ ತೆರೆಯುವ ಕಡ್ಡಿ ಹಾಯುವ ಪುಶ್‌ರಾಡ್ ಟ್ಯೂಬಿನ ಸೀಲಿನಿಂದ ಜಿನುಗಿದ ಆಯಿಲ್‌ಗೆ ತೊಗರಿ ಹೊಟ್ಟಿನ ಪುಡಿ ಮತ್ತು ಎರೆಮಣ್ಣಿನ ಧೂಳು ಅಂಟಿ, ಬಿಸಿಗೆ ಒಣಗಿ, ಬಿಸಿ ಹೊರಬಿಡುವ ತೆಳು ಪಟ್ಟಿಗಳಾದ ಫಿನ್‌ಗಳ ನಡುವೆ ಗೋಡೆಗೆ ಮೆತ್ತಿದ ಸಗಣಿಯಂತೆ ಗಟ್ಟಿಯಾಗಿರುತ್ತದೆ. ಇದು ಹೆಚ್ಚಾಗಿ ಒಂದೇ ಸಿಲಿಂಡರಿನ ಒಂದೇ ಮಗ್ಗುಲಲ್ಲಿ ಕೂಡುವುದರಿಂದಲೇ ಬಿಸಿ ಏರುಪೇರಾಗುತ್ತದೆ. ಕಟ್ಟಿಗೆಯ ಚೂರಿನಿಂದ ಕೆರೆದು, ಡೀಸೆಲ್ ಹಚ್ಚಿದ ಬ್ರಷ್‌ನಿಂದ ಉಜ್ಜಿ, ಬ್ಲೋವರ್ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ ಕಂಪ್ರೆಸರ್ ಗಾಳಿ ಹಾಯಿಸಬೇಕು. ಕಾದ ಎಂಜಿನ್‌ಗೆ ನೀರು ಹೊಡೆಯಲೇಬಾರದು, ಹೆಡ್ ಬಿರುಕು ಬಿಡುತ್ತದೆ. ಸೋರುವ ಸೀಲನ್ನು ಅದೇ ದಿನ ಬದಲಿಸದಿದ್ದರೆ ಮುಂದಿನ ರಾಶಿಗೆ ಮತ್ತೆ ಇದೇ ಪಾಡು. ಸಿಲಿಂಡರುಗಳ ನಡುವೆ ಗಾಳಿ ಹಂಚುವ ತಗಡುಗಳನ್ನು ಮರೆಯದೆ ಅವುಗಳ ಜಾಗಕ್ಕೆ ಕೂಡಿಸಬೇಕು. ಅವು ಕಳೆದುಹೋದ ಟ್ರ್ಯಾಕ್ಟರುಗಳು ಕಡಿಮೆಯಿಲ್ಲ.

ದೋಷ ಉರಿಯುವಿಕೆಯಲ್ಲಿದೆ ಎಂದು ಕಂಡರೆ, ಪಿಟಿಒ ಬಿಡಿಸಿ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು, ಒಂದೊಂದೇ ನಾಜಲಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಬೇಕು. ಸಡಿಲಿಸಿದಾಗ ಎಂಜಿನ್ ದನಿ ತಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ದನಿಯಲ್ಲಿ ವ್ಯತ್ಯಾಸವೇ ಬಾರದಿದ್ದರೆ ಅದು ದುಡಿಯುತ್ತಿಲ್ಲ. ಈ ಪರೀಕ್ಷೆಯಲ್ಲಿ ಕನ್ನಡಕ ಧರಿಸಿ, ನಟ್ಟಿನ ಮೇಲೆ ದಪ್ಪ ಬಟ್ಟೆ ಹಾಕಿ, ಬೆರಳು ಮತ್ತು ಮುಖವನ್ನು ದೂರವಿಡಬೇಕು, ಏಕೆಂದರೆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ದುಡಿಯದ ಸಿಲಿಂಡರ್ ತಿಳಿದ ಮೇಲೆ ಎಂಜಿನ್ ನಿಲ್ಲಿಸಿ, ಹೊಸ ವಾಷರ್ ಬಳಸಿ, ಎರಡೂ ನಾಜಲ್‌ಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಬೇಕು. ನನ್ನ ಮಟ್ಟಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೊಂದಿಲ್ಲ. ದೋಷ ನಾಜಲಿನ ಜೊತೆ ಆಚೆಗೆ ಹೋದರೆ ನಾಜಲನ್ನು ಪಂಪ್ ರಿಪೇರಿ ಅಂಗಡಿಯಲ್ಲಿ ಪರೀಕ್ಷಿಸಿ, ಕೈಪಿಡಿಯಲ್ಲಿರುವ ಒತ್ತಡಕ್ಕೆ ಹೊಂದಿಸಬೇಕು. ಅಲ್ಲೇ ಉಳಿದರೆ ತಣ್ಣನೆಯ ಎಂಜಿನ್ನಿನಲ್ಲಿ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿ, ಅದೂ ಸರಿಯಿದ್ದರೆ ಕಂಪ್ರೆಶನ್ (ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ) ಅಳೆಸಬೇಕು. ಕಂಪ್ರೆಶನ್ ಕಡಿಮೆ ಬಂದರೆ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್‌ನ ಕೆಲಸ. ಸರಿಯಿದ್ದರೆ ಆ ಸಿಲಿಂಡರಿಗೆ ಡೀಸೆಲ್ ಕಳಿಸುವ ಪಂಪಿನ ಭಾಗವನ್ನು ಪರೀಕ್ಷಿಸಬೇಕು. ಎರಡೂ ವರ್ಕ್‌ಶಾಪಿನಲ್ಲೇ ಆಗುವ ಕೆಲಸಗಳು, ಅಲ್ಲಿಯವರೆಗೆ ಆ ಟ್ರ್ಯಾಕ್ಟರನ್ನು ರಾಶಿ ಮಷಿನ್‌ಗೆ ಹೂಡಬಾರದು.